ಕ್ಯಾಲ್ಕುಲೇಟರಿನಲ್ಲೇ ಒಡೆದ 21 ಅಂಕಿಯ ಸಂಖ್ಯೆ

ಕೊನೆಗೂ ಸಿಕ್ಕಿತು: 193707721. 2ರ 67ನೇ ಘಾತದಿಂದ 1 ಕಳೆದರೆ ಬರುವ 147573952589676412927 ಇದೆಯಲ್ವಾ, ಅದರ ಅಪವರ್ತನವನ್ನು ನನ್ನ ಹಳೆಯ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರೇ ಹುಡುಕಿ ಕೊಟ್ಟಿತು. "ಕಂಪ್ಯೂಟರಿಗೆ ಹಾಕಿ ಸರ್, ಇದರಲ್ಲಿ ಆಗಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು.

ಉತ್ತರ ಹೊಸದಲ್ಲ. ಫ್ರಾನ್ಸಿನ ಪಾದ್ರಿ, ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಎಂದಿದ್ದ. ಅಲ್ಲವೆಂದು 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದ, ಅಪವರ್ತನ ಮಾತ್ರ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಅದನ್ನು ಕೈಲೆಕ್ಕದಲ್ಲೇ ಕಂಡುಹಿಡಿದ. ಕೈಯಲ್ಲಿ ಆದದ್ದು ಕ್ಯಾಲ್ಕುಲೇಟರಿನಲ್ಲಿ ಯಾಕಾಗಬಾರದು ಅನ್ನೋದು ನನ್ನ ಹಟ.

ಭಾಜಕ 134k+1 ರೂಪದಲ್ಲೇ ಇರಬೇಕು (k ಒಂದು ಪೂರ್ಣಸಂಖ್ಯೆ). kಯನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. 3, 5, 7ರಿಂದ ಹೋಗುವವನ್ನೂ ಬಿಟ್ಟರೆ ಉತ್ತರದವರೆಗೆ ನೋಡಬೇಕಾದ್ದು ಸುಮಾರು 3.3 ಲಕ್ಷ. ಒಂದಕ್ಕೆ ಎರಡು ಸೆಕೆಂಡು. ಈ ಹಾರಿಸುವ ಲೆಕ್ಕವನ್ನು ಮೂರೇ ಮೆಮೊರಿಯಲ್ಲಿ ಹೇಗೆ ಕೂರಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡು ಮಾಡಿದ್ದು, ನೀವೂ ಯೋಚಿಸಿ.

ಮೊದಲು 2ರ 59ನೇ ಘಾತದಿಂದ 1 ಕಳೆದ ಸಂಖ್ಯೆಯ ಮೇಲೆ ಪರೀಕ್ಷಿಸಿದೆ. ಹತ್ತು ಹನ್ನೆರಡು ನಿಮಿಷದಲ್ಲಿ 179951 ಬಂತು. ಅದನ್ನೇ ನಂಬಿ 67ಕ್ಕೆ ಹಚ್ಚಿದೆ. ರಾತ್ರಿ ಮಾತ್ರ ಓಡಿಸುತ್ತಿದ್ದೆ. ಒಂದು ರಾತ್ರಿ ಸೆಲ್ ಇಳಿದು k ಎಲ್ಲಿತ್ತೋ ಗೊತ್ತಾಗಲಿಲ್ಲ, ಹಿಂದಿನ ದಿನದಿಂದ ಮತ್ತೆ ಶುರು. ಆಮೇಲೆ ಮಲಗುವ ಮುಂಚೆ ಮತ್ತು ಎದ್ದ ಕೂಡಲೇ k ಬರೆದಿಡುವುದು ಅಭ್ಯಾಸವಾಯಿತು. ಹದಿನೆಂಟು ಹತ್ತೊಂಬತ್ತು ರಾತ್ರಿ ಕಳೆದ ಮೇಲೆ ಬೆಳಗ್ಗೆ ನೋಡಿದರೆ k 14,50,000 ದಾಟಿದೆ! ಉತ್ತರ ಇದ್ದದ್ದು 14,45,580ರಲ್ಲಿ. ಅದನ್ನು ಹಾದು ಮುಂದೆ ಹೋಗಿಬಿಟ್ಟಿತ್ತು. ಅವತ್ತು ತಿಂಡಿ ಸೇರಲಿಲ್ಲ.

ತಪ್ಪು ಹುಡುಕಲು ವಾರ ಬೇಕಾಯಿತು. ಮಷೀನು ಒಳಗೆ ಹಿಡಿಯುವುದು 15 ಅಂಕಿ. ಭಾಜಕ ಹೌದೋ ಅಲ್ಲವೋ ನೋಡಲು, 2ರ ಘಾತವನ್ನು ಅದರಿಂದ ಭಾಗಿಸಿ ಬಂದ ಶೇಷವನ್ನು ವರ್ಗ ಮಾಡಬೇಕು; 19 ಕೋಟಿಯ ಸಂಖ್ಯೆಯ ವರ್ಗಕ್ಕೆ 17 ಅಂಕಿ ಬೇಕು. ಭಾಜಕ 3 ಕೋಟಿ ದಾಟಿದ ಮೇಲೆ ಕೊನೆಯ ಅಂಕಿಗಳು ಉದುರಿ ಶೇಷವೆಲ್ಲ ಸುಳ್ಳು. 179951 ಚಿಕ್ಕದಾದ್ದರಿಂದ ಪರೀಕ್ಷೆಯಲ್ಲಿ ಇದು ಗೊತ್ತೇ ಆಗಲಿಲ್ಲ.

ಪರಿಹಾರ ಸುಲಭವಾಗಿತ್ತು. 2ರ 33ನೇ ಘಾತ 8589934592, ಹತ್ತೇ ಅಂಕಿ. ಅದನ್ನು ಭಾಜಕದಿಂದ ಭಾಗಿಸಿ ಶೇಷ r ತೆಗೆದು, ಒಂದೇ ಸಲ ವರ್ಗ ಮಾಡಿ ಎರಡರಿಂದ ಗುಣಿಸಿದರೆ 67ನೇ ಘಾತಕ್ಕೆ ಬಂತು; ಅದರ ಶೇಷ 1 ಆದರೆ ಭಾಜಕ ಸಿಕ್ಕಿದಂತೆ. ಆ ವರ್ಗ ಮಾಡುವಾಗ rನ ಕೊನೆಯ ನಾಲ್ಕು ಅಂಕಿಯನ್ನು ಬೇರೆ ಮಾಡಿ, ಎರಡು ತುಂಡಾಗಿ ಗುಣಿಸಿ, ನಡುವೆ ಶೇಷ ತೆಗೆಯಬೇಕು. ಎಲ್ಲೂ 13 ಅಂಕಿ ಮೀರುವುದಿಲ್ಲ. k 2.2 ಲಕ್ಷದವರೆಗಿನ ಕೆಲಸ ಸರಿಯಿತ್ತು, ಅಲ್ಲಿಂದ ಮುಂದುವರಿಸಿದೆ.

ಹದಿನಾರನೇ ರಾತ್ರಿ, ಮೂರೂವರೆ ಹೊತ್ತಿಗೆ ಮಷೀನು ನಿಂತಿತ್ತು. ತೆರೆಯ ಮೇಲೆ 193707721. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಸೆಕೆಂಡ್ ಹ್ಯಾಂಡ್ ಮಷೀನಿಗೆ 600, ಸೆಲ್ಲುಗಳಿಗೆ 300ರ ಹತ್ತಿರ. ಒಟ್ಟು 900 ರೂಪಾಯಿ.

ಅದೇ ಪ್ರೋಗ್ರಾಮಿಗೆ ಸುಮ್ನೆ 71ನೇ ಘಾತ ಕೊಟ್ಟು ನೋಡಿದೆ. 228479 ಕಾಫಿ ಮುಗಿಯುವಷ್ಟರಲ್ಲಿ ಬಂತು, 48544121ಕ್ಕೆ ನಾಲ್ಕೈದು ರಾತ್ರಿ ಹಿಡಿಯಿತು.

ಸೋಮವಾರ ಸ್ಟಾಫ್ ರೂಮಿನ ಬೋರ್ಡಿನ ಮೇಲೆ 193707721 × 761838257287 ಬರೆದು, ಕೈಯಲ್ಲೇ ಗುಣಿಸಿದೆ. ಒಂದು ಪೀರಿಯಡ್ ಪೂರ್ತಿ ಬೇಕಾಯಿತು. ಕೊನೆಯ ಸಾಲು ಕೂಡುವಾಗ ಫಿಸಿಕ್ಸ್ ಮೇಷ್ಟ್ರೇ ಎದ್ದು ಬಂದು ಅಂಕಿ ಓದಿ ಹೇಳಿದರು.