‘ಮಾರು’ ಎಲ್ಲಿ, ‘ಪರಭಾರೆ’ ಎಲ್ಲಿ?

ಆಡುಮಾತಿಗೆ ‘ಮಾರು’ ಸಾಕು. ಜಮೀನು, ಸೈಟು, ಒಡವೆ, ಎತ್ತು, ಸ್ಕೂಟರು ಎಲ್ಲಕ್ಕೂ ಅದೇ. ಅರ್ಥದ ಬಣ್ಣ ಬದಲಾಗುವುದು ಬಾಲದಲ್ಲಿ. ‘ಸೈಟು ಮಾರಿದರು’ ಬರೀ ಸುದ್ದಿ. ‘ಮಾರಿಬಿಟ್ಟರು’ ಎಂದರೆ ಕೈಬಿಟ್ಟುಹೋಯಿತು. ‘ಇದ್ದ ಒಂದೆಕರೆಯನ್ನೂ ಮಾರಿಕೊಂಡರು’ ಎಂದರೆ ಕಷ್ಟಕ್ಕೆ ಸಿಕ್ಕಿ ಕಳೆದುಕೊಂಡರು. ಒಂದೊಂದಾಗಿ ಮಾರಿ ದುಂದು ಮಾಡಿದರೆ ‘ಆಸ್ತಿ ಕರಗಿಸಿದರು’; ಇದು ಚುಚ್ಚುವ ಮಾತು, ಅವರ ಎದುರಿಗೆ ಬೇಡ.

ಹೆಚ್ಚು ಜನ ಎಡವುವುದು ‘ಕ್ರಯ’ದಲ್ಲಿ. ಸಂಸ್ಕೃತದಲ್ಲಿ ಕ್ರಯ ಎಂದರೆ ಕೊಳ್ಳುವುದು, ವಿಕ್ರಯ ಎಂದರೆ ಮಾರುವುದು. ಆದರೆ ನಮ್ಮಲ್ಲಿ ಮಾರಾಟದ ಪತ್ರಕ್ಕೇ ಕ್ರಯಪತ್ರ ಎನ್ನುತ್ತಾರೆ. ಹಾಗಾಗಿ ಮಾರಿದವರು ಯಾರು ಎಂಬುದನ್ನು ಕ್ರಿಯಾಪದವೇ ಹೇಳಬೇಕು: ‘ಕ್ರಯ ಮಾಡಿಕೊಟ್ಟರು’ ಎಂದರೆ ಮಾರಿದರು, ‘ಕ್ರಯಕ್ಕೆ ತೆಗೆದುಕೊಂಡರು’ ಎಂದರೆ ಕೊಂಡರು. ಬರೀ ‘ಕ್ರಯ ಮಾಡಿದರು’ ಎಂದು ಬರೆದರೆ ಓದುವವರು ಎರಡೂ ತಿಳಿಯಬಹುದು. ‘ಇಂಥವರಿಗೆ’, ‘ಇಂಥವರಿಂದ’ ಎಂದು ಹೆಸರಿನ ವಿಭಕ್ತಿಯನ್ನೂ ಬಿಡದೆ ಹಾಕಿ.

‘ಪರಭಾರೆ’ ಎಂದರೆ ಆಸ್ತಿಯ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದು. ಇದು ಕಾಗದದ ಮಾತು, ಅದೂ ಸಾಮಾನ್ಯವಾಗಿ ಸ್ಥಿರಾಸ್ತಿಗೆ. ‘ಸ್ಕೂಟರ್ ಪರಭಾರೆ ಮಾಡಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಇದರ ಹರವು ಮಾರಾಟಕ್ಕಿಂತ ದೊಡ್ಡದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕರ್ನಾಟಕದ ಕಾಯ್ದೆಯನ್ನೇ ನೋಡಿ: ಮಾರಾಟ, ದಾನ, ಅದಲುಬದಲು, ಅಡಮಾನ, ಗುತ್ತಿಗೆ, ಕೊನೆಗೆ ಮಾರಾಟದ ಕರಾರು ಕೂಡ ಅದರ ಹಿಡಿತದೊಳಗೆ ಬರುತ್ತದೆ. ಮನೆಯವರೊಳಗಿನ ವಿಭಾಗ, ಉಯಿಲು ಮಾತ್ರ ಹೊರಗೆ.

ಆದ್ದರಿಂದ ಕರಾರಿನಲ್ಲೋ ತಕರಾರು ಅರ್ಜಿಯಲ್ಲೋ ‘ಮಾರಾಟ ಮಾಡಬಾರದು’ ಎಂದಷ್ಟೇ ಬರೆದರೆ ದಾನಪತ್ರ, ಅಡಮಾನಕ್ಕೆ ಬಾಗಿಲು ತೆರೆದೇ ಇರುತ್ತದೆ. ಹೀಗೆ ಬರೆಯಿರಿ: ‘ಷೆಡ್ಯೂಲ್ ಸ್ವತ್ತನ್ನು ಕ್ರಯ, ದಾನ, ಅಡಮಾನ ಅಥವಾ ಬೇರೆ ಯಾವುದೇ ರೀತಿಯಲ್ಲಿ ಯಾರಿಗೂ ಪರಭಾರೆ ಮಾಡತಕ್ಕದ್ದಲ್ಲ.’ ಷೆಡ್ಯೂಲ್ ಸ್ವತ್ತು ಎಂದರೆ ಪತ್ರದ ಷೆಡ್ಯೂಲಿನಲ್ಲಿ, ಅಂದರೆ ಪಟ್ಟಿಯಲ್ಲಿ, ವಿವರಿಸಿದ ಆಸ್ತಿ. ‘ಯಾವುದೇ ರೀತಿಯಲ್ಲಿ’ ಎಂಬುದು ಬಿಟ್ಟುಹೋಗದಿರಲಿ.

‘ವಿಲೇವಾರಿ’ ಕಡತಕ್ಕೂ ಕಸಕ್ಕೂ ಬರುವ ಪದ. ‘ಮನೆ ವಿಲೇವಾರಿ ಆಯಿತು’ ಎಂದರೆ ಏನಾಯಿತೆಂದೇ ತಿಳಿಯದು. ಕಚೇರಿಯ ಹಳೆ ಸಾಮಾನಿಗೆ ಅದು ಸರಿ. ಕೂಗಿ ಮಾರಿದ್ದಾದರೆ ‘ಹರಾಜು ಹಾಕಿದರು’.