ಜಿಗಣೆ ಕಚ್ಚಿದ್ದು ಕಾಲಿಗೆ, ಫೋಟೋಗಲ್ಲ

ಮುಳ್ಳಯ್ಯನಗಿರಿಯ ಮೆಟ್ಟಿಲುಗಳ ಮೇಲೆ ನಿಂತು ತೆಗೆದಿದ್ದ ನನ್ನ ಒಂದು ಫೋಟೋಗೆ ಮೊಬೈಲ್‌ನಲ್ಲಿ ಅರವತ್ತಕ್ಕೂ ಹೆಚ್ಚು ಹೆಬ್ಬೆಟ್ಟುಗಳು ಬಂದಿದ್ದವು. ಒತ್ತಿದವರೆಲ್ಲ ಓದಿಯೇ ಒತ್ತಿದ್ದಾರೆ ಎಂದು ನಂಬಿದ್ದೆ. ಅದೇ ಫೋಟೋವನ್ನು ಅಚ್ಚು ಹಾಕಿಸಿ ಐದು ಜನರ ಮುಂದೆ ಮೇಜಿನ ಮೇಲಿಟ್ಟಾಗ ಮೊದಲು ಬಂದ ಪ್ರಶ್ನೆ, "ಇದು ಮಂಜೋ, ಹೊಗೆಯೋ?"

ಹಾಸನದಲ್ಲಿ ನಾವು ಆರು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ನಮ್ಮಲ್ಲೊಬ್ಬರ ಎಲೆಕ್ಟ್ರಿಕಲ್ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಜಾಗ. ಸುತ್ತಲೂ ವೈರಿನ ಸುರುಳಿಗಳು, ಫ್ಯಾನಿನ ಡಬ್ಬಗಳು, ನಡುವೆ ಒಂದು ಮೇಜು. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರಿದ್ದಾರೆ, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಯಾರಿಗೂ ಇದು ಹೊಟ್ಟೆಪಾಡಲ್ಲ. ಮೊದಲ ನಾಲ್ಕೈದು ತಿಂಗಳು ನಾವು ಮಾಡಿದ್ದು ಪರಸ್ಪರ ಬೆನ್ನು ತಟ್ಟಿಕೊಳ್ಳುವ ಕೆಲಸ. ಒಬ್ಬರು ಫೋಟೋ ತೋರಿಸುವುದು, ಉಳಿದವರು ತಲೆದೂಗುವುದು, ಆಮೇಲೆ ಕೆಳಗಿನಿಂದ ಕಾಫಿ ತರಿಸುವುದು.

ಅದನ್ನು ಮುರಿದವರು ಮೇಷ್ಟ್ರು. ಒಂದು ಸಲ ನಾನು ಬಿಸ್ಲೆ ಘಾಟಿಯ ಫೋಟೋ ಇಟ್ಟುಕೊಂಡು ಕಥೆ ಶುರುಮಾಡಿದ್ದೆ. ಬೆಳಗಿನ ಜಾವ ಮೂರಕ್ಕೆ ಹೊರಟಿದ್ದು, ಮಳೆ ಹಿಡಿದಿದ್ದು, ಸಾಕ್ಸಿನೊಳಗೆ ಜಿಗಣೆ ಸೇರಿ ರಕ್ತ ಸುರಿದಿದ್ದು, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಹೇಳಿದರು, "ಜಿಗಣೆ ಕಚ್ಚಿದ್ದು ನಿಮ್ಮ ಕಾಲಿಗೆ, ಫೋಟೋಗಲ್ಲ." ಅಂದಿನಿಂದ ನಮ್ಮಲ್ಲಿ ಒಂದೇ ಒಂದು ಕಟ್ಟುಪಾಡು. ಫೋಟೋ ತೆಗೆದವರು ಎಲ್ಲರೂ ಮಾತನಾಡಿ ಮುಗಿಸುವವರೆಗೆ ಬಾಯಿ ಬಿಡುವಂತಿಲ್ಲ. ಯಾವ ಊರು, ಎಷ್ಟು ಹೊತ್ತು, ಯಾವ ಲೆನ್ಸ್, ಏನನ್ನೂ ಹೇಳುವಂತಿಲ್ಲ. ಉಳಿದವರು ಮೊದಲು ತಮಗೆ ಕಾಣುವುದನ್ನಷ್ಟೇ ಹೇಳಬೇಕು. ಕಣ್ಣು ಎಲ್ಲಿಗೆ ಮೊದಲು ಹೋಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಎಲ್ಲಿಂದ ಹೊರಗೆ ಜಾರಿತು. ಚೆನ್ನಾಗಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಒಮ್ಮೆ ಕುಳಿತೇ ನೋಡಬೇಕು. ಬಿಸ್ಲೆಯ ಆ ಫೋಟೋದಲ್ಲಿ ನಾನು ತೋರಿಸಲು ಹೊರಟಿದ್ದು ದೂರದ ಕುಮಾರ ಪರ್ವತದ ಸಾಲನ್ನು. ಐವರಲ್ಲಿ ನಾಲ್ವರ ಕಣ್ಣು ಹೋಗಿದ್ದು ಎಡಮೂಲೆಯಲ್ಲಿ ಬಿಳಿಚಿಕೊಂಡು ಹೊಳೆಯುತ್ತಿದ್ದ ಒದ್ದೆ ಎಲೆಯೊಂದಕ್ಕೆ. ನಾಲಿಗೆ ತುದಿಯವರೆಗೆ ಬಂದ ಸಮರ್ಥನೆಯನ್ನು ಕಾಫಿಯ ಜೊತೆ ನುಂಗಿದೆ. ಮರುವಾರವೇ ಪೋಲರೈಸರ್ ಫಿಲ್ಟರ್ ಕೊಂಡೆ. ಅದನ್ನು ತಿರುಗಿಸುತ್ತಾ ಹೋದರೆ ಒದ್ದೆ ಎಲೆಯ ಮೇಲಿನ ಹೊಳಪು ಇಳಿದು ಒಳಗಿನ ಹಸಿರು ಮೇಲೆ ಬರುತ್ತದೆ. ಬೆಳಕು ಮಾತ್ರ ಒಂದೂವರೆ ಎರಡು ಸ್ಟಾಪ್‌ನಷ್ಟು ಕಡಿಮೆಯಾಗುತ್ತದೆ, ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಮಳೆಗಾಲದ ಕಾಡಿನಲ್ಲಿ ಮೊದಲೇ ಬೆಳಕಿಲ್ಲ, ಆದ್ದರಿಂದ ಟ್ರೈಪಾಡ್ ಹೊರದೆ ಗತಿಯಿಲ್ಲ.

ಈಗ ಮಂಜಿನ ವಿಷಯ. ಹೊಗೆಯೋ ಎಂದು ಕೇಳಿದ್ದು ಬ್ಯಾಂಕಿನ ಹುಡುಗಿ. ಕೇಳಿ ಸುಮ್ಮನಾಗದೆ ಫೋಟೋವನ್ನು ಕಿಟಕಿಯ ಬಳಿ ಹಿಡಿದುಕೊಂಡು ಹೋದಳು. ಅಲ್ಲಿ ಗೋಡೆಗೆ ನೇತುಹಾಕಿದ್ದ ಬಿಳಿ ಕ್ಯಾಲೆಂಡರಿನ ಪಕ್ಕದಲ್ಲಿ ನನ್ನ ಮಂಜು ಒಲೆಯ ಬೂದಿಯಂತೆ ಕಂಡಿತು. ಕಾರಣವನ್ನು ಮೇಷ್ಟ್ರು ವಿವರಿಸಿದರು. ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲವನ್ನೂ ಸರಾಸರಿ ಬೂದು ಬಣ್ಣವೆಂದು ಎಣಿಸಿ ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಮಂಜೇ ಇದ್ದರೆ ಅದಕ್ಕೆ ಗಾಬರಿ, ಬೆಳಕು ಹೆಚ್ಚಾಯಿತೆಂದು ತಾನೇ ತಗ್ಗಿಸಿಬಿಡುತ್ತದೆ. ಆಗ ಬೆಳಕನ್ನು ಕೈಯಾರೆ ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ ಅನ್ನು ನಾವೇ ಪ್ಲಸ್ ಒಂದರವರೆಗೆ ಏರಿಸಬೇಕು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲಗೋಡೆಗೆ ಡಿಕ್ಕಿ ಹೊಡೆಯದಂತೆ, ಅಂದರೆ ಬಿಳುಪು ಸುಟ್ಟುಹೋಗದಂತೆ, ನೋಡಿಕೊಳ್ಳಬೇಕು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ನಾನು ಅದುವರೆಗೆ ಏಳೆಂಟು ಸಲ ಹೋಗಿದ್ದೆ. ಎಲ್ಲ ಸಲವೂ ಬೂದಿಯನ್ನೇ ಹೊತ್ತು ತಂದಿದ್ದೆ. ಮೊಬೈಲಿನ ಪರದೆ ಹಿಂದಿನಿಂದ ಬೆಳಕು ಕೊಟ್ಟು ನನ್ನ ಮರ್ಯಾದೆ ಕಾಪಾಡುತ್ತಿತ್ತು, ಅಷ್ಟೆ.

ಅದಕ್ಕೇ ನಾವು ಅಚ್ಚಿನ ಹಟ ಹಿಡಿದಿದ್ದು. 8x12 ಇಂಚು, ಹೊಳಪಿಲ್ಲದ ಕಾಗದ, ಒಬ್ಬರಿಗೆ ತಿಂಗಳಿಗೆ ಎರಡೇ ಎರಡು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು 2400x3600 ಪಿಕ್ಸೆಲ್, ಇವತ್ತಿನ ಯಾವ ಕ್ಯಾಮೆರಾವೂ ಕೊಡುತ್ತದೆ. ಎರಡೇ ಎಂದಾಗ ಆರಿಸುವ ಸಂಕಟ ಶುರುವಾಗುತ್ತದೆ, ನನ್ನ ಮಟ್ಟಿಗೆ ಅರ್ಧ ಪಾಠ ಆದದ್ದು ಆ ಸಂಕಟದಲ್ಲೇ. ಕಾಗದದ ಮೇಲೆ ಯಾವುದೂ ಮುಚ್ಚಿಕೊಳ್ಳುವುದಿಲ್ಲ. ಒಮ್ಮೆ ನನ್ನ ಹಿರೇಕೊಳಲೆ ಕೆರೆಯ ಫೋಟೋ ನೋಡಿ ಅಂಗಡಿಯ ಗೆಳೆಯರು, ಆಕಾಶದಲ್ಲಿ ಹದ್ದು ಬಹಳ ಚೆನ್ನಾಗಿ ಕೂತಿದೆ ಎಂದು ಮೆಚ್ಚಿಕೊಂಡರು. ಅದು ಹದ್ದಲ್ಲ, ನನ್ನ ಸೆನ್ಸರ್ ಮೇಲಿನ ದೂಳು. ಲೆನ್ಸಿನ ಕಂಡಿಯನ್ನು ಎಫ್ 16ರಷ್ಟು ಕಿರಿದಾಗಿಸಿದ್ದರಿಂದ ಎದ್ದು ಕಂಡಿತ್ತು. ಕಟ್ಟುಪಾಡಿನ ಪ್ರಕಾರ ನಾನು ಬಾಯಿ ಬಿಡುವಂತಿರಲಿಲ್ಲ, ಆ ಒಂದು ದಿನ ಅದು ನನ್ನ ಅನುಕೂಲಕ್ಕೇ ಆಯಿತು.

ಶೆಟ್ಟಿಹಳ್ಳಿ ಚರ್ಚ್ ಬಗ್ಗೆ ಹೇಳಲೇಬೇಕು. ಹಾಸನದವರ ಕೈಗೆ ಕ್ಯಾಮೆರಾ ಬಂದರೆ ಮೊದಲು ಓಡುವುದು ಅಲ್ಲಿಗೇ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ, ಬೇಸಿಗೆಗೆ ಮತ್ತೆ ಎದ್ದು ನಿಲ್ಲುತ್ತದೆ. ಒಂದು ತಿಂಗಳು ಆರು ಜನರ ಹನ್ನೆರಡು ಫೋಟೋಗಳಲ್ಲಿ ಐದು ಅದರವೇ. ಐದರಲ್ಲೂ ನೀರಿನ ನಡುವೆ ಕಮಾನುಗಳು, ಕೆಂಪು ಸಂಜೆ, ಕೆಳಗೆ ಪ್ರತಿಬಿಂಬ. ನಮಗೇ ನಗು ಬಂತು. ಮುಂದಿನ ಬೇಸಿಗೆಯಲ್ಲಿ ಅಂಗಡಿಯ ಗೆಳೆಯರು ತಂದ ಫೋಟೋದಲ್ಲಿ ಚರ್ಚೇ ಇರಲಿಲ್ಲ ಎನ್ನಬಹುದು. ಒಂದು ಗೋಡೆ ಮಾತ್ರ. ಅದರ ಮೇಲೆ ನೀರು ಇಳಿಯುತ್ತಾ ಇಳಿಯುತ್ತಾ ಬಿಟ್ಟುಹೋದ ಕೆಸರಿನ ಗೆರೆಗಳು, ಒಂದರ ಕೆಳಗೊಂದು, ಬುಡದಲ್ಲಿ ಆಗ ತಾನೇ ಚಿಗುರಿದ ಹುಲ್ಲು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಬೆಳಕು ಸ್ವಲ್ಪ ಗಡುಸಾಗಿತ್ತು, ಹಾಗೆಂದು ಒಬ್ಬರು ಹೇಳಿದರೂ ಕೂಡ. ಆದರೆ ನಾವು ಇದುವರೆಗೆ ನೋಡಿದ ಶೆಟ್ಟಿಹಳ್ಳಿಯ ಫೋಟೋಗಳಲ್ಲಿ ನೀರನ್ನು ನಿಜವಾಗಿ ತೋರಿಸಿದ್ದು ನೀರೇ ಇಲ್ಲದ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ಒಂದು ತಪ್ಪನ್ನೂ ಬರೆಯಬೇಕು, ಅದು ನನ್ನದೇ. ಬೆಳೆಗಾರರ ತೋಟದ ಅಂಚಿನ ಬೋಳು ಗುಡ್ಡದಲ್ಲಿ ಒಂಟಿ ಮರವೊಂದಿದೆ. ಮೊಬೈಲಿನಲ್ಲಿ ತೆಗೆದ ಅದರ ಫೋಟೋವನ್ನು ನಾನು ದೊಡ್ಡದೊಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹಾಗೇ ಕಳಿಸಿದರೆ ಫೋಟೋ ಕುಗ್ಗಿ ಮಸುಕಾಗುತ್ತದೆಂದು ಡಾಕ್ಯುಮೆಂಟ್ ಮಾಡಿ ಕಳಿಸಿದೆ. ಹಾಗೆ ಕಳಿಸಿದಾಗ ಮೊಬೈಲ್ ಬರೆದುಕೊಂಡಿದ್ದ ಸ್ಥಳದ ಗುರುತೂ ಫೈಲಿನೊಳಗೇ ಕುಳಿತು ಪ್ರಯಾಣ ಮಾಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಎರಡು ವಾರಕ್ಕೆ ಅವರ ತೋಟದ ಗೇಟಿನ ಮುಂದೆ ಕಾರುಗಳು ನಿಂತು, ಹಣ್ಣು ಕೊಯ್ಯುವವರನ್ನು ಕರೆತರುವ ಜೀಪಿಗೆ ದಾರಿಯಿಲ್ಲದಂತಾಯಿತು. ಅವರು ಬಯ್ಯಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ನಾನು ತೋಟಕ್ಕೇ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಈಗ ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿದ್ದೇನೆ, ಯಾರಾದರೂ ಜಾಗ ಕೇಳಿದರೆ ತಾಲ್ಲೂಕಿನ ಹೆಸರಿಗೇ ನಿಲ್ಲಿಸುತ್ತೇನೆ. ಇದು ಜಿಪುಣತನ ಎಂದು ಬೈದವರಿದ್ದಾರೆ, ಬೈಯಲಿ.

ಅವರು ಮತ್ತೆ ಬಂದ ದಿನ ನಾನಿಟ್ಟಿದ್ದು ಕಾಫಿ ಹೂವಿನ ಫೋಟೋ. ಬೇಲೂರು ರಸ್ತೆಯ ಪಕ್ಕದ ತೋಟವೊಂದರಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ ಸಾಲು ಸಾಲು ಬಿಳುಪು. ಬೆಳಕು ಹದವಾಗಿತ್ತು, ಚೌಕಟ್ಟು ಸರಿಯಿತ್ತು, ಮೇಷ್ಟ್ರೂ ಒಪ್ಪಿದರು. ಬೆಳೆಗಾರರು ಫೋಟೋ ಎತ್ತಿಕೊಂಡು ಮೂಗಿನ ಹತ್ತಿರ ತಂದರು. ಮೂಸುತ್ತಾರೋ ಎಂದುಕೊಂಡೆ. ಆಮೇಲೆ ಉಗುರಿನಿಂದ ಒಂದು ಗೊಂಚಲನ್ನು ತೋರಿಸಿದರು. ಎಸಳುಗಳ ತುದಿ ಕಂದಾಗಿತ್ತು. "ಇದು ಹೂವಿನ ಫೋಟೋ ಅಲ್ಲ, ಹೂ ಮುಗಿದ ಮೇಲಿನದು. ನೀವು ಒಂದು ದಿನ ತಡ." ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಮೊಗ್ಗು ಒಡೆಯುತ್ತದೆ, ಬಿಳುಪು ನಿಲ್ಲುವುದು ಎರಡು ಮೂರು ದಿನ. ನಾನು ರಜೆ ನೋಡಿಕೊಂಡು ಹೋಗಿದ್ದೆ, ಗಿಡ ಮಳೆ ನೋಡಿಕೊಂಡು ಅರಳಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ ಅವರಿಂದ ಒಂದು ಸಾಲಿನ ಸಂದೇಶ ಬಂತು. "ರಾತ್ರಿ ಒಂದೂವರೆ ಇಂಚು ಬಿದ್ದಿದೆ, ಎಣಿಸಿಕೊಳ್ಳಿ." ಬರುವ ಸೋಮವಾರ, ಮಂಗಳವಾರ ಎರಡೂ ದಿನ ರಜೆ ಹಾಕಿದ್ದೇನೆ.