ಐರನ್ ಮಣ್ಣು ಕಚ್ಚಬೇಕು, ಡ್ರೈವರ್ ಮಣ್ಣು ಮುಟ್ಟಬಾರದು

ಗಾಲ್ಫ್ ಆಟದಲ್ಲಿ ಎಲ್ಲ ಕ್ಲಬ್ಬಿಗೂ (ಚೆಂಡು ಹೊಡೆಯುವ ಕೋಲಿಗೂ) ಒಂದೇ ಸ್ವಿಂಗ್, ಅಂದರೆ ಒಂದೇ ಬೀಸು ಸಾಕು ಅನ್ನುವವರಿದ್ದಾರೆ. ಡ್ರೈವರ್‌ಗೆ (ದೂರ ಹೊಡೆಯಲು ಬಳಸುವ ಅತಿ ಉದ್ದದ ಕ್ಲಬ್ಬಿಗೆ) ಬೇರೆಯದನ್ನೇ ಕಲಿಯಬೇಕು ಅನ್ನುವವರೂ ಇದ್ದಾರೆ. ನನ್ನ ಅನುಭವದಲ್ಲಿ, ಬದಲಾಗಬೇಕಾದ್ದೆಲ್ಲ ಕ್ಲಬ್ ಎತ್ತುವ ಮೊದಲೇ ಬದಲಾಗಿರಬೇಕು. ಎತ್ತಿದ ಮೇಲೆ ಏನನ್ನಾದರೂ ಬದಲಾಯಿಸಲು ಹೋದರೆ ಕೆಟ್ಟಿತು. ಇದು ನನಗೆ ಮನದಟ್ಟಾಗಿದ್ದು ಯಾವ ಕೋಚ್‌ನಿಂದಲೂ ಅಲ್ಲ, ನಮ್ಮ ರಾಗಿ ಹೊಲದ ಕೆಂಪು ಮಣ್ಣಿನಿಂದ.

ಕೋಲಾರದ ಕಡೆ ಗಾಲ್ಫ್ ಅಂದರೆ ಇವತ್ತಿಗೂ ಹಿರಿಯರ ಬಾಯಲ್ಲಿ ಕೆಜಿಎಫ್ ದೊರೆಗಳ ಆಟವೇ. ಗಣಿ 2001ರಲ್ಲಿ ಮುಚ್ಚಿತು, ಆ ಮಾತು ಮಾತ್ರ ಉಳಿದಿದೆ. ನಾನು ಆಡುವುದು ಬೆಂಗಳೂರಿಗೆ ಹೋದಾಗ. ಅಭ್ಯಾಸವೆಲ್ಲ ಹೊಲದಲ್ಲಿ, ರಾಗಿ ಕೊಯ್ಲಾಗಿ ನೆಲ ಖಾಲಿ ಬಿದ್ದಿರುವ ತಿಂಗಳುಗಳಲ್ಲಿ. ರೇಂಜಿನ (ಅಭ್ಯಾಸದ ಮೈದಾನದ) ಮ್ಯಾಟ್ ಮೇಲೆ ಕ್ಲಬ್ ಚೆಂಡಿನ ಹಿಂದೆ ಬಿದ್ದರೂ ಜಾರಿಕೊಂಡು ಮುಂದೆ ಹೋಗಿ ಚೆಂಡಿಗೆ ತಾಗುತ್ತದೆ, ನಾವು ಚೆನ್ನಾಗಿ ಹೊಡೆದೆವು ಅಂದುಕೊಳ್ಳುತ್ತೇವೆ. ಮಣ್ಣು ಹಾಗೆ ಸುಳ್ಳು ಹೇಳಲ್ಲ.

ನಾನು ಮಾಡುವುದು ಇಷ್ಟು. ಒಂದಷ್ಟು ಜಾಗದ ಕೂಳೆ ಕಿತ್ತು, ಕಲ್ಲು ಆರಿಸಿ, ಸಂಜೆ ನೀರು ಚಿಮುಕಿಸಿ ಬಿಡುತ್ತೇನೆ. ಬೆಳಗ್ಗೆ ಮಣ್ಣು ಹದವಾಗಿರುತ್ತದೆ. ಅದರ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ. (ಪುಡಿ ಡಬ್ಬಿ ಮನೆಯಿಂದ ಮಾಯವಾಗುವುದರ ಬಗ್ಗೆ ನಮ್ಮಮ್ಮನ ತಕರಾರು ಇದ್ದೇ ಇದೆ.) ಗೆರೆ ಎರಡು ಕಾಲಿನ ನಡುವೆ ಬರುವಂತೆ ನಿಂತು 7 ಐರನ್ (ಮಧ್ಯಮ ದೂರಕ್ಕೆ ಬಳಸುವ, ಡ್ರೈವರ್‌ಗಿಂತ ಗಿಡ್ಡ ಕ್ಲಬ್) ಬೀಸಬೇಕು, ಚೆಂಡಿಲ್ಲದೆ. ಮಣ್ಣಿನ ಗಾಯ ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಹೋಗಿದ್ದರೆ ಸರಿ. ಗೆರೆಯ ಹಿಂದೆಯೇ ಕೆದರಿದ್ದರೆ, ಅಲ್ಲಿ ಚೆಂಡಿದ್ದಿದ್ದರೆ ಕ್ಲಬ್ ಮೊದಲು ನೆಲಕ್ಕೆ ಬಡಿಯುತ್ತಿತ್ತು ಅಂತ ಅರ್ಥ. ಉಯ್ಯಾಲೆಯನ್ನು ನೆನೆಸಿಕೊಳ್ಳಿ: ಐರನ್ ಚೆಂಡನ್ನು ಸೇರುವುದು ಉಯ್ಯಾಲೆ ಇನ್ನೂ ಇಳಿಯುತ್ತಿರುವಾಗ, ಡ್ರೈವರ್ ಸೇರುವುದು ಅದು ತಳ ದಾಟಿ ಏರತೊಡಗಿದಾಗ. ಐರನ್‌ನಲ್ಲಿ ಚೆಂಡು ಮೇಲೇಳುವುದು ನಾವು ಎತ್ತಿದ್ದರಿಂದಲ್ಲ, ಕ್ಲಬ್ಬಿನ ಮುಖದ ಓರೆಯಿಂದ. 7 ಐರನ್‌ನಲ್ಲಿ ಆ ಲಾಫ್ಟ್ 30 ಡಿಗ್ರಿಯ ಆಸುಪಾಸು, ಡ್ರೈವರ್‌ನಲ್ಲಿ 10ರ ಆಸುಪಾಸು. ಇಷ್ಟು ಕಡಿಮೆ ಲಾಫ್ಟ್ ಇರುವ ಕ್ಲಬ್ಬನ್ನು ಮೇಲಿಂದ ಕೆಳಗೆ ಕುಟ್ಟಿದರೆ ಚೆಂಡು ತಗ್ಗಾಗಿ ಹೊರಟು, ಹಿಮ್ಮುಖ ಸ್ಪಿನ್ ಹೆಚ್ಚಾಗಿ, ಎದುರು ಗಾಳಿಗೆ ಎದ್ದು ನಿಂತು, ಅಲ್ಲೇ ಬೀಳುತ್ತದೆ. ನಮ್ಮ ಆಷಾಢದ ಗಾಳಿಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ.

ಡ್ರೈವರ್‌ಗೆ ಗೆರೆ ಎಡ ಹಿಮ್ಮಡಿಯ ನೇರಕ್ಕೆ (ನಾನು ಬಲಗೈಯವನು). ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಎತ್ತರ, ಕ್ಲಬ್ಬನ್ನು ನೆಲಕ್ಕಿಟ್ಟಾಗ ಅದರ ನೆತ್ತಿಯ ಮೇಲೆ ಅರ್ಧ ಚೆಂಡು ಕಾಣುವಷ್ಟು. ಒಣ ನೆಲಕ್ಕೆ ಮರದ ಟೀ ಇಳಿಯಲ್ಲ, ಮುರಿಯುತ್ತದೆ. ಮೊದಲು ಸ್ಕ್ರೂಡ್ರೈವರ್‌ನಲ್ಲಿ ತೂತು ಮಾಡಿಕೊಳ್ಳುತ್ತೇನೆ. ಕಾಲು ಭುಜಕ್ಕಿಂತ ತುಸು ಅಗಲ. ಬಲ ಭುಜ ಎಡಕ್ಕಿಂತ ಕೆಳಗೆ, ಬೆನ್ನು ಗುರಿಯಿಂದ ಸ್ವಲ್ಪ ಆಚೆಗೆ ವಾಲಿರಬೇಕು. ಹೀಗೆ ನಿಂತರೆ ಸ್ವಿಂಗಿನ ತಳ ತಾನಾಗಿಯೇ ಚೆಂಡಿನ ಹಿಂದೆ ಬೀಳುತ್ತದೆ. ಮಣ್ಣಿನಲ್ಲಿ ಗೀರು ಇರಬಾರದು. ಗೀರು ಬಿದ್ದರೆ ಮತ್ತೆ ಬಲ ಭುಜ ಮೇಲೆದ್ದಿದೆ ಅಂತಲೇ ಲೆಕ್ಕ.

ಇಲ್ಲಿ ಯಾರೂ ಹೇಳದೆ ಬಿಡುವ ಒಂದು ಕಂಟಕವಿದೆ. ಚೆಂಡು ಮುಂದೆ ಹೋದಾಗ ಬಲಗೈ ಅದನ್ನು ಹಿಂಬಾಲಿಸುತ್ತದೆ, ಭುಜಗಳೆರಡೂ ಎಡಕ್ಕೆ ತಿರುಗಿಕೊಳ್ಳುತ್ತವೆ. ಕಾಲು ನೇರವಾಗಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಆ ಭುಜಗಳ ದಿಕ್ಕಿಗೇ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತದೆ, ಚೆಂಡು ಬಲಕ್ಕೆ ಬಾಗುತ್ತದೆ. ಸ್ಲೈಸ್ ಅಂತ ಗ್ರಿಪ್ ಬದಲಾಯಿಸಿ, ಕ್ಲಬ್ ಬದಲಾಯಿಸಿ, ಹಣ ಸುರಿಯುವವರನ್ನು ನೋಡಿದ್ದೇನೆ. ಒಂದು ಕೋಲನ್ನು ಎದೆಗಡ್ಡ ಹಿಡಿದು ಭುಜ ಎತ್ತ ನೋಡುತ್ತಿದೆ ಅಂತ ಮೊದಲು ಪರೀಕ್ಷಿಸಿ.

ಶಾಫ್ಟಿನ (ಕ್ಲಬ್ಬಿನ ಹಿಡಿಕೋಲಿನ) ಉದ್ದವೂ ತನ್ನ ಕೆಲಸ ಮಾಡುತ್ತದೆ. 7 ಐರನ್ ಸುಮಾರು 37 ಇಂಚು, ಡ್ರೈವರ್ 45ರ ಸುತ್ತಮುತ್ತ. ಚೆಂಡಿನಿಂದ ದೂರ ನಿಲ್ಲುತ್ತೇವೆ, ಆದ್ದರಿಂದ ಡ್ರೈವರ್ ಮೈಯನ್ನು ಹೆಚ್ಚು ಅಡ್ಡಡ್ಡವಾಗಿ ಸುತ್ತುತ್ತದೆ, ಐರನ್ ಹೆಚ್ಚು ನೆಟ್ಟಗೆ ಏರಿಳಿಯುತ್ತದೆ. ಬೇಕಂತಲೇ ಅಡ್ಡ ಬೀಸಬೇಕಾಗಿಲ್ಲ. ಉದ್ದ ಹೆಚ್ಚಾದಷ್ಟೂ ಮುಖದ ನಡುವಿಗೆ ಚೆಂಡು ಸಿಗುವುದು ಕಷ್ಟ. ಚೆಂಡಿನ ಹಿಂಬದಿಗೆ ಬೋರ್ಡ್ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಟ್ಟು ಹೊಡೆದರೆ ಕ್ಲಬ್ಬಿನ ಮುಖದ ಮೇಲೆ ಅದರ ಗುರುತು ಬೀಳುತ್ತದೆ. ಡ್ರೈವರ್‌ನಲ್ಲಿ ಶಾಫ್ಟಿನ ಕಡೆಗೆ ತಾಗಿದರೆ ಚೆಂಡು ಬಲಕ್ಕೂ, ತುದಿಯ ಕಡೆಗೆ ತಾಗಿದರೆ ಎಡಕ್ಕೂ ಬಾಗಲು ನೋಡುತ್ತದೆ. ಐರನ್‌ನಲ್ಲಿ ಈ ಆಟ ತೀರಾ ಕಡಿಮೆ.

ನನ್ನ ಅಕ್ಕನ ಮಗ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಸಿಕ್ಸರ್ ಹುಡುಗ. ಒಮ್ಮೆ ಹೊಲಕ್ಕೆ ಬಂದವನು ಕೇಳಿದ:

“ಏನ್ ಮಾವ, ಇಷ್ಟುದ್ದ ಇದೆ, ಹಿಂದಕ್ಕೆ ಒರಗಿ ಎತ್ತಿ ಬಾರಿಸೋದಲ್ವಾ?”

“ಬಾರಿಸು ನೋಡೋಣ.”

ಬಾರಿಸಿದ. ಭಾರವೆಲ್ಲ ಬಲಗಾಲ ಮೇಲೇ ಉಳಿದು, ಕ್ಲಬ್ ಚೆಂಡಿನ ತಲೆ ಸವರಿಕೊಂಡು ಹೋಯಿತು. ಚೆಂಡು ಕೂಳೆಯೊಳಗೆ ಉರುಳಿತು. ಏರುತ್ತಾ ಹೊಡೆಯುವುದು ಬೇರೆ, ಹಿಂದೆ ಬೀಳುವುದು ಬೇರೆ. ಭಾರ ಎಡಗಾಲಿಗೆ ಬರಲೇಬೇಕು, ಐರನ್‌ನಲ್ಲಿ ಬಂದ ಹಾಗೇ. ತಲೆ ಮಾತ್ರ ಚೆಂಡಿನ ಹಿಂದೆ ಉಳಿಯಬೇಕು.

ಟಿವಿಯಲ್ಲಿ ಗಂಡಸರ ಟೂರ್ (ವೃತ್ತಿಪರರ ಪಂದ್ಯಾವಳಿ) ನೋಡಿ ಡ್ರೈವರ್ ಕಲಿಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಮೆರಿಕದ ಗಂಡಸರ ಟೂರ್‌ನ ಸರಾಸರಿಯಲ್ಲಿ ಡ್ರೈವರ್ ಸುಮಾರು 1 ಡಿಗ್ರಿ ಕೆಳಮುಖವಾಗಿಯೇ ಚೆಂಡಿಗೆ ತಾಗುತ್ತದೆ. ಅವರಿಗೆ ವೇಗವಿದೆ, ನಡೆಯುತ್ತದೆ. ಹೆಂಗಸರ ಟೂರ್‌ನಲ್ಲಿ ಅದೇ ಡ್ರೈವರ್ ಸುಮಾರು 3 ಡಿಗ್ರಿ ಮೇಲ್ಮುಖ. ನಮ್ಮಂಥವರ ವೇಗಕ್ಕೆ ಅವರೇ ಗುರುಗಳು.

ಗಾಲ್ಫ್ ಮೈದಾನದಲ್ಲಿ ಆಡುವಾಗ ತೊಂದರೆ ಕೊಡುವುದು ಎರಡನೇ ಹೊಡೆತ. ಡ್ರೈವರ್ ಹೊಡೆದು ಬಂದ ಮೈ, ಐರನ್‌ಗೂ ಚೆಂಡನ್ನು ಮುಂದಕ್ಕೇ ಇಟ್ಟುಕೊಂಡು ನಿಲ್ಲುತ್ತದೆ. ಅದಕ್ಕೆ ಪ್ರತಿ ಸಲವೂ ಎರಡು ಪಾದ ಜೋಡಿಸಿ, ಚೆಂಡು ನಡುವಿಗೆ ಬರುವಂತೆ ನಿಲ್ಲುತ್ತೇನೆ. 7 ಐರನ್ ಆದರೆ ಎರಡೂ ಕಾಲು ಸಮವಾಗಿ ಆಚೀಚೆ ಸರಿಯುತ್ತವೆ. ಡ್ರೈವರ್ ಆದರೆ ಎಡಗಾಲು ಕೂದಲೆಳೆಯಷ್ಟು, ಮಿಕ್ಕಿದ್ದೆಲ್ಲ ಬಲಗಾಲು. ಜೊತೆಯಲ್ಲಿ ಆಡುವವರು ಗಡಿಯಾರ ನೋಡಿಕೊಂಡರೂ ಇದನ್ನು ಬಿಡುವುದಿಲ್ಲ.